ಧ್ವನಿಮುದ್ರಿಕೆಯ ಎರಡು ಮುಖಗಳು: ಒಂದು ಗೀತಕಥಾನಕದ ರಚನೆ

ಬಿಡಿಹಾಡುಗಳ ಸಂಕಲನಕ್ಕೂ ಒಂದೇ ವಸ್ತುವನ್ನು ಆದಿಯಿಂದ ಅಂತ್ಯದವರೆಗೆ ನಿರ್ವಹಿಸುವ ಗೀತಮಾಲಿಕೆಗೂ ಇರುವ ಅಂತರವು ಮುಕ್ತಕಕ್ಕೂ ಪ್ರಬಂಧಕಾವ್ಯಕ್ಕೂ ಇರುವ ಅಂತರದಂತಹುದು. ಈ ಎರಡನೆಯ ಬಗೆಯ ಧ್ವನಿಮುದ್ರಿಕೆಗೆ ಪಾಶ್ಚಾತ್ಯರಲ್ಲಿ 'ಕಾನ್ಸೆಪ್ಟ್ ಆಲ್ಬಂ' ಎಂಬ ಹೆಸರುಂಟು. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಹಳೆಯ ತಟ್ಟೆಯ ಒಂದು ಮುಖದಲ್ಲಿ ಸಾಮಾನ್ಯವಾಗಿ ಒಂದು ಹಾಡಿಗೆ ಮಾತ್ರವೇ ಎಡೆಯಿದ್ದಿತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯು 33⅓ ಸುತ್ತಿನ ದೀರ್ಘವಾದನದ ತಟ್ಟೆಯನ್ನು ಹೊರತಂದ ಮೇಲೆ ಒಂದೊಂದು ಮುಖಕ್ಕೆ ಇಪ್ಪತ್ತು ನಿಮಿಷಗಳಷ್ಟು ಅವಕಾಶ ದೊರೆತು, ಹಾಡುಗಳಿಂದ ಕಥೆ ಕಟ್ಟುವುದು ಸುಲಭವಾಯಿತು.

ಈ ಸೌಲಭ್ಯವನ್ನು ಅರ್ಥಪೂರ್ಣವಾಗಿ ಬಳಸಿದ ಕೃತಿಗಳಲ್ಲಿ ಟೆಕ್ಸಾಸಿನ ಗಾಯಕ, ಗೀತಕಾರ ವಿಲ್ಲಿ ನೆಲ್ಸನ್ 1974ರಲ್ಲಿ ಪ್ರಕಟಿಸಿದ 'ಫೇಸಸ್ ಅಂಡ್ ಸ್ಟೇಜಸ್' ಒಂದು. ಜೆರ್ರಿ ವೆಕ್ಸ್ಲರ್ ನಿರ್ಮಾಪಕರಾಗಿದ್ದ ಈ ಕೃತಿಯು ಅಲಬಾಮಾದ ಮಸಲ್ ಶೋಲ್ಸ್‌ನಲ್ಲಿ ಮುದ್ರಿತವಾಯಿತು. ಇದರ ವಸ್ತು ಒಂದು ದಾಂಪತ್ಯದ ಒಡಕು. ತಟ್ಟೆಯ ಮೊದಲ ಮುಖವು ಹೆಂಡತಿಯ ಪಾಲಿಗೆ, ಎರಡನೆಯದು ಗಂಡನ ಪಾಲಿಗೆ ಮೀಸಲಾಗಿದೆ.

ಹೆಂಡತಿಯ ಕಥೆಯು ಪಾತ್ರೆ ತೊಳೆಯುವ ಬೇಸರದಿಂದ ಮೊದಲಾಗುತ್ತದೆ. ಆಕೆ ಮನೆ ಬಿಡುತ್ತಾಳೆ, ತವರಿಗೆ ಬರುತ್ತಾಳೆ, ಮೆಲ್ಲನೆ ನಾಲ್ವರ ನಡುವೆ ಬೆರೆಯುತ್ತಾಳೆ. ಕಡೆಗೆ, ಮತ್ತೊಮ್ಮೆ ಒಲವು ಮೂಡಿದರೆ ಅದನ್ನು ಗುರುತಿಸುವುದೆಂತು ಎಂಬ ಅಳುಕಿನ ಪ್ರಶ್ನೆಗೆ ಬಂದು ನಿಲ್ಲುತ್ತಾಳೆ. ಗಂಡನ ಕಥೆಯಾದರೋ ಬೆಳಗಿನ ವಿಮಾನದಲ್ಲಿ, ಮದ್ಯದ ಬಟ್ಟಲಿನೊಡನೆ ಆರಂಭವಾಗುತ್ತದೆ. ಅಬ್ಬರದಿಂದ ಹೊರಟ ಅವನು ಶೂನ್ಯಮನೆಯನ್ನು ಕಂಡು, ಆಕೆ ಹೋದುದನ್ನು ನಂಬಲಾರದೆ ಕುಗ್ಗುತ್ತಾನೆ. ಶೀರ್ಷಿಕೆಯ ಕಿರುಗೀತವೊಂದು ಎರಡು ಮುಖಗಳಲ್ಲಿಯೂ ಪಲ್ಲವಿಯಂತೆ ಮರಳಿ ಬಂದು, ಇಬ್ಬರೂ ಹಾಯುವ ದಾರಿ ಒಂದೇ ಎಂಬುದನ್ನು ಸೂಚಿಸುತ್ತದೆ.

ಇಲ್ಲಿ ಒಂದು ಸಂಗತಿಯು ವಿಚಾರಾರ್ಹವಾಗಿದೆ. ಗಂಡನ ಅಗಲಿಕೆಯ ಗೀತವನ್ನು ನೆಲ್ಸನ್ ಮೂಲತಃ ರಚಿಸಿದುದು ತಮ್ಮ ತಂಡದ ಡ್ರಮ್ ವಾದಕ ಪಾಲ್ ಇಂಗ್ಲಿಷ್ ಅವರ ಪತ್ನಿಯ ಮರಣದ ದುಃಖದಲ್ಲಿ. ಸಾವಿನ ಹಾಡು ಇಲ್ಲಿ ವಿಚ್ಛೇದನದ ಹಾಡಾಯಿತು. ಪ್ರಕರಣವು ಅರ್ಥವನ್ನು ನಿಯಮಿಸುತ್ತದೆ ಎಂಬ ನಮ್ಮ ಅಲಂಕಾರಿಕರ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಆದರೆ ಕೃತಿಯ ನಿಜವಾದ ಬಲವು ಅದು ಹೇಳದೆ ಉಳಿಸಿದುದರಲ್ಲಿದೆ ಎಂದು ನಾವು ಭಾವಿಸುತ್ತೇವೆ. ದಂಪತಿಗಳು ಒಮ್ಮೆಯೂ ಎದುರುಬದುರಾಗಿ ಮಾತನಾಡುವುದಿಲ್ಲ. ಒಬ್ಬರ ಅಳಲು ಮತ್ತೊಬ್ಬರಿಗೆ ಕೇಳಿಸದು. ಎರಡನ್ನೂ ಬಲ್ಲವನು ತಟ್ಟೆಯನ್ನು ಮಗುಚುವ ಶ್ರೋತೃ ಒಬ್ಬನೇ. ಅವನು ಮೊದಲ ಮುಖವನ್ನು ಕೇಳಿ ತೀರ್ಪಿತ್ತಿದ್ದರೆ, ಎರಡನೆಯದು ಅದನ್ನು ಪ್ರಶ್ನಿಸುತ್ತದೆ. ಗಂಡಸೊಬ್ಬನು ಬರೆದ ಕಥೆಯಲ್ಲಿ ಹೆಂಗಸಿಗೆ ಮೊದಲ ಮಾತು ಸಂದಿರುವುದೂ ಉಪೇಕ್ಷಣೀಯವಲ್ಲ. ಗಂಡನ ದುಃಖವನ್ನು ಕೇಳುವ ಮುನ್ನವೇ ಅದರ ಕಾರಣವು ನಮಗೆ ತಿಳಿದಿರುತ್ತದೆ.

ಇಂದಿನ ಉಪಕರಣಗಳಲ್ಲಿ ಹಾಡುಗಳು ಎಡೆಬಿಡದೆ ಸಾಗುವುದರಿಂದ ಈ ನಡುವಣ ಮೌನವು ಲೋಪವಾಗಿದೆ. ಆದುದರಿಂದ ತರಗತಿಯಲ್ಲಿ ಇದನ್ನು ಪರಿಚಯಿಸುವ ಅಧ್ಯಾಪಕರು ಮೊದಲ ಮುಖದ ಕಡೆಯ ಹಾಡಿನ ಬಳಿಕ ತುಸು ತಡೆದು, ವಿದ್ಯಾರ್ಥಿಗಳ ಅಭಿಪ್ರಾಯವನ್ನು ಬರೆಯಿಸಿಕೊಳ್ಳುವುದು ಒಳಿತು. ಇನ್ನೊಂದು ತರಗತಿಗೆ ಗಂಡನ ಮುಖವನ್ನೇ ಮೊದಲು ಕೇಳಿಸಲಿ. ಎರಡು ತರಗತಿಗಳ ಬರಹಗಳನ್ನು ಹೋಲಿಸಿದಾಗ, ಯಾರ ಮಾತು ಮೊದಲು ಕಿವಿಗೆ ಬಿದ್ದಿತೆಂಬುದು ನಮ್ಮ ನ್ಯಾಯಬುದ್ಧಿಯನ್ನು ಎಷ್ಟರಮಟ್ಟಿಗೆ ಆಳುತ್ತದೆಂಬುದು ವಿದ್ಯಾರ್ಥಿಗಳಿಗೇ ವೇದ್ಯವಾದೀತು.