ಅಮ್ಮ ವಾಪಸ್ ಬಂದಾಗ ಮಗು ಏನು ಮಾಡಿತು?

ಒಂದು ವರ್ಷದ ಇಬ್ಬರು ಮಕ್ಕಳಿದ್ದಾರೆ ಅಂದ್ಕೊಳ್ಳಿ. ಹೊಸ ಜಾಗ, ನೆಲದ ಮೇಲೆ ಆಟಿಕೆಗಳು. ಇಬ್ಬರ ಅಮ್ಮಂದಿರೂ ಎದ್ದು ಹೊರಗೆ ಹೋಗ್ತಾರೆ. ಒಂದು ಮಗು ಅಂಬೆಗಾಲಿಟ್ಟು ಬಾಗಿಲವರೆಗೂ ಹೋಗಿ ಕಿರುಚಿ ಅಳುತ್ತೆ. ಇನ್ನೊಂದು ತಲೆ ಎತ್ತಿ ಒಮ್ಮೆ ನೋಡಿ, ಮತ್ತೆ ಆಟಿಕೆ ಹಿಡಿಯುತ್ತೆ. ಈಗ ಹೇಳಿ, ಯಾವ ಮಗುವಿನ ಮನಸ್ಸು ಗಟ್ಟಿ?

ನಮ್ಮಲ್ಲಿ ಬಹಳ ಜನ ಎರಡನೇ ಮಗುವಿಗೇ ಮಾರ್ಕ್ಸ್ ಕೊಡ್ತಾರೆ. "ಎಷ್ಟು ಜಾಣ ನೋಡಿ, ಹಟಾನೇ ಇಲ್ಲ" ಅಂತಾರೆ. ಮೊದಲನೆಯದಕ್ಕೆ "ಎತ್ಕೊಂಡು ಎತ್ಕೊಂಡು ಅಭ್ಯಾಸ ಮಾಡಿಸಿಬಿಟ್ಟಿದ್ದಾರೆ" ಅನ್ನೋ ಷರಾ. ಈ ತೀರ್ಪು ಎಷ್ಟು ಸರಿ ಅಂತ ಪರೀಕ್ಷೆ ಮಾಡಿ ನೋಡಿದವರು ಮೇರಿ ಏನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ. ಅವರ ಉತ್ತರ ಗೊತ್ತಾದರೆ ಮನೆಯಲ್ಲಿ ಪುಟ್ಟ ಮಗು ಇರೋರು ಸ್ವಲ್ಪ ನಿರಾಳವಾಗ್ತೀರಿ.

"ಅತ್ತ ತಕ್ಷಣ ಎತ್ಕೋಬೇಡಿ" ಅನ್ನೋ ಮಾತು ನಮ್ಮಲ್ಲಿ ಮಾತ್ರ ಇರೋದಲ್ಲ. 1928ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಎಂಬ ಹೆಸರಾಂತ ಮನಶ್ಶಾಸ್ತ್ರಜ್ಞ ಪುಸ್ತಕವನ್ನೇ ಬರೆದು, ಮಕ್ಕಳನ್ನು ಅಪ್ಪಬೇಡಿ, ಮುದ್ದಿಸಬೇಡಿ, ಬೆಳಗ್ಗೆ ಎದ್ದಾಗ ಕೈಕುಲುಕಿದರೆ ಸಾಕು ಎಂದು ತಂದೆತಾಯಿಗಳಿಗೆ ಸಲಹೆ ಕೊಟ್ಟಿದ್ದರು. ಅದು ಆ ಕಾಲದ ವಿಜ್ಞಾನ! ಇದಕ್ಕೆ ಎದುರಾಗಿ ನಿಂತವರು ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್ಕಿನ ಜಾನ್ ಬೌಲ್ಬಿ. ಅನ್ನ, ನಿದ್ದೆಯಷ್ಟೇ ಮಗುವಿಗೆ ನಂಟೂ ಬೇಕು, ಹೆದರಿಕೆಯಾದಾಗ ಓಡಿಬಂದು ಸೇರಲು ಒಬ್ಬರು ಇರಬೇಕು ಅಂದವರು ಅವರು. 1950ರಲ್ಲಿ ಅವರ ಜೊತೆ ಕೆಲಸಕ್ಕೆ ಸೇರಿದವರೇ ಏನ್ಸ್‌ವರ್ತ್.

ಬೌಲ್ಬಿ ಸಿದ್ಧಾಂತ ಕಟ್ಟಿದರು, ಏನ್ಸ್‌ವರ್ತ್ ಮನೆಮನೆಗೆ ಹೋದರು. 1954ರಲ್ಲಿ ಉಗಾಂಡಾಕ್ಕೆ ಹೋಗಿ, ಕಂಪಾಲಾ ಸುತ್ತಲಿನ ಹಳ್ಳಿಗಳಲ್ಲಿ 26 ಕುಟುಂಬಗಳ 28 ಮಕ್ಕಳನ್ನು ತಿಂಗಳುಗಟ್ಟಲೆ ನೋಡಿದರು. ಮಗು ಅಮ್ಮನ ಮಡಿಲಿಂದ ಇಳಿದು ಸ್ವಲ್ಪ ದೂರ ಹೋಗುತ್ತೆ, ಹಿಂತಿರುಗಿ ನೋಡುತ್ತೆ, ಅಮ್ಮ ಇದ್ದಾಳೆ ಅಂತ ಖಾತ್ರಿ ಆದ್ಮೇಲೆ ಇನ್ನೂ ದೂರ ಹೋಗುತ್ತೆ. ಅಂದರೆ ಅಮ್ಮ ಮಗುವನ್ನು ಕಟ್ಟಿಹಾಕುವ ಹಗ್ಗ ಅಲ್ಲ, ಧೈರ್ಯವಾಗಿ ಹೊರಗೆ ಹೋಗಿಬರಲು ಇರುವ ನೆಲೆ. ಅಲ್ಲಿ ಇನ್ನೊಂದು ವಿಷಯವೂ ಅವರ ಗಮನಕ್ಕೆ ಬಂತು. ತನ್ನ ಮಗುವಿನ ಸಣ್ಣಪುಟ್ಟ ಸಂಗತಿಗಳನ್ನೂ ವಿವರವಾಗಿ ಹೇಳಬಲ್ಲ ತಾಯಂದಿರ ಮಕ್ಕಳಲ್ಲೇ ಈ ಭರವಸೆ ಹೆಚ್ಚು ಕಾಣ್ತಿತ್ತು.

ಆಮೇಲೆ ಅಮೆರಿಕದ ಬಾಲ್ಟಿಮೋರ್. 1963ರಲ್ಲಿ ಶುರುವಾದ ಅಧ್ಯಯನ, ಇಲ್ಲೂ 26 ಕುಟುಂಬ. ಮಗು ಹುಟ್ಟಿದಾಗಿನಿಂದ ವರ್ಷ ತುಂಬುವವರೆಗೆ ಮೂರು ವಾರಕ್ಕೊಮ್ಮೆ, ಪ್ರತಿ ಸಲ ಸುಮಾರು 4 ಗಂಟೆ ಆ ಮನೆಯಲ್ಲೇ ಕೂತು ನೋಡೋದು. ಒಂದು ಮನೆಗೆ ಸುಮಾರು 72 ಗಂಟೆ! ಮಗು ಅತ್ತಾಗ ಯಾರು, ಎಷ್ಟು ಹೊತ್ತಿಗೆ, ಹೇಗೆ ಬಂದರು ಅಂತ ಬರೆದುಕೊಳ್ಳೋದು. ವರ್ಷ ತುಂಬಿದ ಮೇಲೆ 20 ನಿಮಿಷದ ಒಂದು ಪರೀಕ್ಷೆ.

ನಾನು ಎಂಜಿನಿಯರಿಂಗ್ ಓದಿದವನು. ಸೇತುವೆ ಗಟ್ಟಿ ಇದೆಯಾ ಅಂತ ಖಾಲಿ ನಿಂತಾಗ ಗೊತ್ತಾಗಲ್ಲ, ಮೇಲೆ ಭಾರ ಹಾಕಬೇಕು. ಈ ಪರೀಕ್ಷೆಯೂ ಹಾಗೇ. ಅಪರಿಚಿತ ಕೋಣೆ, ಅಪರಿಚಿತ ವ್ಯಕ್ತಿ, ಎರಡು ಸಲ ಅಮ್ಮ ಹೊರಗೆ ಹೋಗೋದು, ಎರಡು ಸಲ ವಾಪಸ್ ಬರೋದು. ಮಗು ತೀರಾ ಅತ್ತರೆ ಮೂರು ನಿಮಿಷವೂ ಕಾಯಿಸಲ್ಲ. ಇದಕ್ಕೆ ಸ್ಟ್ರೇಂಜ್ ಸಿಚುಯೇಷನ್ ಅಂತ ಹೆಸರು.

ಫಲಿತಾಂಶ ಏನು? ಅಮ್ಮ ಹೋದಾಗ ಮಗು ಅತ್ತಿತಾ ಇಲ್ವಾ ಅನ್ನೋದರಿಂದ ಹೆಚ್ಚೇನೂ ತಿಳಿಯಲಿಲ್ಲ. ತಿಳಿದದ್ದು ಅಮ್ಮ ವಾಪಸ್ ಬಂದಾಗ! ಸುಮಾರು ಮೂರರಲ್ಲಿ ಎರಡು ಪಾಲು ಮಕ್ಕಳು ಅಮ್ಮನ ಹತ್ತಿರ ಹೋದರು, ಎತ್ತಿಕೊಂಡರೆ ಸಮಾಧಾನವಾದರು, ಮತ್ತೆ ಆಟಕ್ಕೆ ಇಳಿದರು. ಕೆಲವು ಮಕ್ಕಳು ಅಮ್ಮನನ್ನು ಬಿಗಿಯಾಗಿ ಹಿಡಿದೂ ಒದ್ದಾಡಿದರು, ಸಮಾಧಾನವೇ ಆಗಲಿಲ್ಲ. ಇನ್ನು ಕೆಲವು ಮುಖ ತಿರುಗಿಸಿದವು, ಅಮ್ಮ ಬಂದದ್ದೇ ಗೊತ್ತಿಲ್ಲ ಅನ್ನುವಂತೆ.

ಆ ಮುಖ ತಿರುಗಿಸಿದ ಮಕ್ಕಳೇ ನಾವು "ಜಾಣ" ಅಂದ ಮಕ್ಕಳು. ಇವರ ಒಳಗೆ ಏನಾಗ್ತಿತ್ತು? 1977ರಲ್ಲಿ ಸ್ರೂಫ್ ಮತ್ತು ವಾಟರ್ಸ್ ಎಂಬ ಸಂಶೋಧಕರು ಮಕ್ಕಳ ಎದೆಬಡಿತವನ್ನೇ ಅಳೆದರು. ಹೊರಗೆ ಶಾಂತ, ಒಳಗೆ ಎದೆ ಡವಡವ. ಆ ಮಗುವಿಗೂ ಭಯ ಆಗಿತ್ತು, ಆದರೆ ತೋರಿಸಲಿಲ್ಲ. 72 ಗಂಟೆಯ ಮನೆ ಲೆಕ್ಕ ತೆಗೆದು ನೋಡಿದಾಗ, ಇಂಥ ಮಕ್ಕಳು ಹತ್ತಿರ ಬಂದಾಗ ದೂರ ತಳ್ಳಿಸಿಕೊಂಡದ್ದು ಹೆಚ್ಚು ಎಂದು ಏನ್ಸ್‌ವರ್ತ್ ಕಂಡುಕೊಂಡರು. ಇನ್ನೊಂದು ಕಡೆ, ಮೊದಲ ತಿಂಗಳುಗಳಲ್ಲಿ ಅತ್ತಾಗ ಬೇಗ ಸಮಾಧಾನ ಪಡೆದ ಮಕ್ಕಳು ವರ್ಷದ ಕೊನೆಗೆ ಹೆಚ್ಚಲ್ಲ, ಕಡಿಮೆ ಅಳ್ತಿದ್ದರು. ಎತ್ತಿಕೊಂಡರೆ ಮಗು ಕೆಡುತ್ತೆ ಅನ್ನೋರಿಗೆ ಈ ಲೆಕ್ಕ ತೋರಿಸಿ.

ಇಲ್ಲಿ ನಿಲ್ಲಿಸಿದರೆ ಕೆಲಸಕ್ಕೆ ಹೋಗುವ ತಾಯಂದಿರಿಗೆ ಅನ್ಯಾಯ ಆಗುತ್ತೆ. "ಹಾಗಾದ್ರೆ ಮಗುನ ಬಿಟ್ಟು ಹೋಗೋದು ತಪ್ಪಾ?" ಅಂತ ಕೇಳ್ತೀರಿ. ಅಮೆರಿಕದಲ್ಲಿ 1991ರಲ್ಲಿ ಶುರುವಾದ ದೊಡ್ಡ ಅಧ್ಯಯನವೊಂದು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿ ಹೇಳಿದ್ದು ಇಷ್ಟು: ಡೇಕೇರ್‌ಗೆ ಬಿಟ್ಟ ಮಾತ್ರಕ್ಕೆ ತಾಯಿ ಮಗುವಿನ ನಂಟು ಸಡಿಲ ಆಗಲ್ಲ. ಜೊತೆಗಿದ್ದಾಗ ತಾಯಿ ಮಗುವಿಗೆ ಹೇಗೆ ಸ್ಪಂದಿಸ್ತಾಳೆ ಅನ್ನೋದು ಅದಕ್ಕಿಂತ ದೊಡ್ಡದು. ಆದರೆ ಆ ಸ್ಪಂದನೆಯೂ ಕಡಿಮೆ, ಡೇಕೇರ್ ಕೂಡ ಕಳಪೆ ಅಂದಾಗ ಅಪಾಯ ಹೆಚ್ಚು.

ಅಪ್ಪಂದಿರೇ, ನೀವೂ ಕೇಳಿಸಿಕೊಳ್ಳಿ. 1981ರಲ್ಲಿ ಮೇರಿ ಮೇನ್ ಮತ್ತು ಡೊನಾ ವೆಸ್ಟನ್ ಇದೇ ಪರೀಕ್ಷೆಯನ್ನು ಅಪ್ಪಂದಿರ ಜೊತೆಗೂ ಮಾಡಿದರು. ಅಮ್ಮನ ಜೊತೆಗಿನ ನಂಟು ನೋಡಿ ಅಪ್ಪನ ಜೊತೆಗಿನದ್ದನ್ನು ಊಹಿಸೋಕಾಗಲ್ಲ ಅಂತ ಗೊತ್ತಾಯ್ತು. ನಿಮ್ಮ ಖಾತೆ ಬೇರೆ, ಅದನ್ನು ನೀವೇ ತುಂಬಬೇಕು.

ಈ ಪರೀಕ್ಷೆಗೂ ಮಿತಿ ಇದೆ. ಜಪಾನಿನಲ್ಲಿ ಅಮ್ಮನನ್ನು ಬಿಟ್ಟು ಇದ್ದೇ ಗೊತ್ತಿಲ್ಲದ ಕೂಸುಗಳಿಗೆ ಆ ಮೂರು ನಿಮಿಷ ತೀರಾ ಭಾರವಾಯ್ತು, ಅಳು ಜಾಸ್ತಿ ಆಯ್ತು. ಅದನ್ನು ನೋಡಿ ಜಪಾನಿನ ತಾಯಂದಿರು ಸರಿಯಿಲ್ಲ ಅನ್ನೋಕಾಗುತ್ತಾ? ಇದು ಹಣೆಬರಹವೂ ಅಲ್ಲ. ಮನೆಯ ಪರಿಸ್ಥಿತಿ ಬದಲಾದರೆ ನಂಟೂ ಬದಲಾಗುತ್ತೆ ಎಂದು ಮಿನೆಸೋಟದಲ್ಲಿ ಮಕ್ಕಳನ್ನು ದಶಕಗಳ ಕಾಲ ನೋಡಿದವರು ತೋರಿಸಿದ್ದಾರೆ.

ಮತ್ತೆ, ದಿನವಿಡೀ ಪರ್ಫೆಕ್ಟ್ ಆಗಿರಬೇಕಾಗಿಲ್ಲ. ಎಡ್ವರ್ಡ್ ಟ್ರೋನಿಕ್ ತಾಯಿ ಮತ್ತು ಕೂಸಿನ ಆಟದ ವಿಡಿಯೊಗಳನ್ನು ಕ್ಷಣ ಕ್ಷಣವಾಗಿ ನೋಡಿದಾಗ, ಇಬ್ಬರ ತಾಳ ಕೂಡಿದ್ದು ಸುಮಾರು 30 ಶೇಕಡ ಹೊತ್ತು ಮಾತ್ರ. ಉಳಿದ ಹೊತ್ತು ತಪ್ಪೋದು, ಮತ್ತೆ ಸರಿ ಮಾಡಿಕೊಳ್ಳೋದು. ಆ ಸರಿಮಾಡಿಕೊಳ್ಳೋದರಲ್ಲೇ ಮಗು ಭರವಸೆ ಕಲಿಯುತ್ತೆ.

ನಾಳೆ ಬೆಳಗ್ಗೆ ಡೇಕೇರ್ ಬಾಗಿಲಲ್ಲಿ ನಿಮ್ಮ ಮಗು ಅತ್ತರೆ, ಅದನ್ನು ನಿಮ್ಮ ಸೋಲು ಅಂತ ಬರೆದುಕೊಳ್ಳಬೇಡಿ. ಸಂಜೆ ಕರೆದುಕೊಂಡು ಬರೋಕೆ ಹೋದಾಗ ಫೋನ್ ಜೇಬಿಗೆ ಹಾಕಿ, ಎರಡೂ ಕೈ ಖಾಲಿ ಇಟ್ಕೊಂಡು ಹೋಗಿ. ಓಡಿ ಬಂದರೆ ಎತ್ಕೊಳ್ಳಿ. ಬರದೆ ಮುಖ ತಿರುಗಿಸಿದರೆ, ಬೈಯಬೇಡಿ. ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತ್ಕೊಳ್ಳಿ.