ಬಿಎಫ್‌ಸಿಗೆ ಫೈನಲ್‌ನಲ್ಲಿ ಲಕ್ ಇಲ್ವಾ? ಬನ್ನಿ, ಹತ್ತು ಫೈನಲ್‌ಗಳ ಲೆಕ್ಕ ಹಾಕೋಣ

ಈ ಸಲದ ಪ್ರಶ್ನೆ ಹೊಸದುರ್ಗದಿಂದ ಬಂದಿದೆ. ಕಳಿಸಿದವರು ಬೆಂಗಳೂರು ಎಫ್‌ಸಿ ಅಭಿಮಾನಿ. ವಾಯ್ಸ್ ಮೆಸೇಜ್‌ನಲ್ಲಿ ಅವರು ಹೇಳಿದ್ದಿಷ್ಟು: "ಅಣ್ಣಾ, ನಮ್ ಟೀಮ್ ಚೆನ್ನಾಗೇ ಆಡುತ್ತೆ, ಆದ್ರೆ ಫೈನಲ್ ಬಂದ್ರೆ ಲಕ್ ಕೈ ಕೊಡುತ್ತೆ. ನಾನು ನೋಡೋಕೆ ಕೂತ್ರಂತೂ ಸೋಲು ಗ್ಯಾರಂಟಿ. ಅದಕ್ಕೆ 2025ರ ಫೈನಲ್ ಅರ್ಧಕ್ಕೇ ಫೋನ್ ಆಫ್ ಮಾಡಿಟ್ಟೆ. ಆದ್ರೂ ಸೋತ್ರು."

ನಗಬೇಡಿ. ಚಿತ್ರದುರ್ಗದಿಂದ ಕಂಠೀರವ ಸ್ಟೇಡಿಯಂಗೆ ಸುಮಾರು 200 ಕಿಲೋಮೀಟರ್. ಹೊಸದುರ್ಗ, ಹೊಳಲ್ಕೆರೆ ಕಡೆಯ ಹುಡುಗರಿಗೆ ಫೋನೇ ಸ್ಟೇಡಿಯಂ. ಅಷ್ಟು ದೂರದಲ್ಲಿ ಕೂತು ತಂಡಕ್ಕಾಗಿ ಏನೂ ಮಾಡೋಕಾಗಲ್ಲ ಅನ್ನೋ ಸಂಕಟಕ್ಕೆ, ಫೋನ್ ಆಫ್ ಮಾಡೋದೂ ಒಂದು ಸಹಾಯ ಅನ್ನಿಸಿಬಿಡುತ್ತೆ.

ಅವರ ನೋವಿಗೆ ಕಾರಣಗಳೂ ಇವೆ. 2017-18ರ ಐಎಸ್‌ಎಲ್ ನೆನಪಿಸಿಕೊಳ್ಳಿ. ಲೀಗ್‌ನ 18 ಪಂದ್ಯಗಳಲ್ಲಿ ಬಿಎಫ್‌ಸಿ 40 ಅಂಕ ಗಳಿಸಿ ಮೊದಲ ಸ್ಥಾನದಲ್ಲಿತ್ತು. ಎರಡನೇ ಸ್ಥಾನದ ಚೆನ್ನೈಯಿನ್ ಎಫ್‌ಸಿ ಹತ್ರ ಇದ್ದಿದ್ದು 32. ಫೈನಲ್ ನಮ್ಮದೇ ಕಂಠೀರವದಲ್ಲಿ. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಗೋಲು ಹೊಡೆದರು. ಕೊನೆಗೆ ಸ್ಕೋರು 2-3, ಕಪ್ ಚೆನ್ನೈಗೆ. ಅದಕ್ಕೂ ಮೊದಲು, 2015ರ ಮೇ 31ರಂದು ಐ-ಲೀಗ್‌ನ ಕೊನೆಯ ಪಂದ್ಯ. ಮೋಹನ್ ಬಾಗಾನ್ ವಿರುದ್ಧ ಗೆದ್ದರೆ ಪ್ರಶಸ್ತಿ ನಮ್ಮದು. 1-0 ಮುಂದೆ ಇದ್ದೆವು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಒಂದು ಗೋಲು. 1-1. ಬಾಗಾನ್ 39 ಅಂಕ, ನಾವು 37.

ಹೀಗೆ ಒಂದೊಂದಾಗಿ ಪೋಣಿಸ್ತಾ ಹೋದ್ರೆ ಯಾರಿಗಾದ್ರೂ ಶಾಪ ಅನ್ನಿಸುತ್ತೆ. ಆದ್ರೆ ಅಂಕಿಅಂಶ ನೋಡೋರು ಮಾಡೋ ಮೊದಲ ಕೆಲಸವೇ ಬೇರೆ. ನೆನಪಿಗೆ ಬಂದದ್ದನ್ನಷ್ಟೇ ಎಣಿಸದೆ, ಎಲ್ಲವನ್ನೂ ಎಣಿಸೋದು.

ಎಣಿಸೋಣ. ರಾಷ್ಟ್ರಮಟ್ಟದಲ್ಲಿ ಮತ್ತು ಏಷ್ಯಾ ಮಟ್ಟದಲ್ಲಿ ಬಿಎಫ್‌ಸಿ ಆಡಿದ ಫೈನಲ್‌ಗಳು: 2015ರ ಫೆಡರೇಷನ್ ಕಪ್, ಡೆಂಪೊ ವಿರುದ್ಧ ಗೆಲುವು. 2016ರ ಎಎಫ್‌ಸಿ ಕಪ್, ದೋಹಾದಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ ಎದುರು 0-1 ಸೋಲು. 2017ರ ಫೆಡರೇಷನ್ ಕಪ್, ಬಾಗಾನ್ ವಿರುದ್ಧ 2-0 ಗೆಲುವು. 2018ರ ಐಎಸ್‌ಎಲ್ ಸೋಲು; ಅದಾಗಿ ಒಂದೇ ತಿಂಗಳಿಗೆ ಸೂಪರ್ ಕಪ್‌ನಲ್ಲಿ ಈಸ್ಟ್ ಬೆಂಗಾಲ್‌ಗೆ 4-1 ಏಟು. 2019ರ ಐಎಸ್‌ಎಲ್, ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ಗೋಲಿನಿಂದ ಗೆಲುವು. 2022ರ ಡುರಾಂಡ್ ಕಪ್ ಗೆಲುವು. 2023ರಲ್ಲಿ ಎರಡು ಸೋಲು, ಐಎಸ್‌ಎಲ್ ಒಂದು, ಸೂಪರ್ ಕಪ್ ಒಂದು. 2025ರ ಐಎಸ್‌ಎಲ್ ಸೋಲು.

ಒಟ್ಟು ಹತ್ತು ಫೈನಲ್. ಐದು ಗೆಲುವು, ಐದು ಸೋಲು. ನಾಣ್ಯ ಚಿಮ್ಮಿದ ಹಾಗೇ ಇದೆ.

"ಐಎಸ್‌ಎಲ್ ಮಾತ್ರ ತಗೊಳ್ಳಿ, ನಾಲ್ಕರಲ್ಲಿ ಒಂದೇ ಗೆಲುವು" ಅಂತ ಕೇಳಬಹುದು. ಸರಿ. ನಾಲ್ಕು ಸಲ ನಾಣ್ಯ ಚಿಮ್ಮಿ. ರಾಜನ ತಲೆ ಒಂದೇ ಸಲ ಬೀಳೋದು ಅಥವಾ ಬೀಳದೇ ಇರೋದು, ಇದರ ಸಾಧ್ಯತೆ 16ರಲ್ಲಿ 5. ಅಂದ್ರೆ ನೂರಕ್ಕೆ 31. ಮೂರು ತಂಡಗಳಲ್ಲಿ ಒಂದಕ್ಕೆ ಯಾವ ಶಾಪವೂ ಇಲ್ಲದೆ ಆಗುವಂಥದ್ದು. ಆದ್ರೆ ಫೆಡರೇಷನ್ ಕಪ್ ಗೆದ್ದಿದ್ದು ನೆನಪಿರಲ್ಲ, ಬೆಲ್ಲೊ ರಜಾಕ್ ತಲೆ ನೆನಪಿರುತ್ತೆ. ಗಾಯದ ಗುರುತು ಉಳಿಯುತ್ತೆ, ತಿಂದ ಹೋಳಿಗೆಯ ಗುರುತು ಉಳಿಯುತ್ತಾ?

ಹಾಗಂತ ಫುಟ್ಬಾಲ್‌ನಲ್ಲಿ ಅದೃಷ್ಟ ಇಲ್ಲ ಅಂತ ನಾನು ಹೇಳ್ತಿಲ್ಲ. ಬೇರೆ ಆಟಗಳಿಗಿಂತ ಜಾಸ್ತಿನೇ ಇದೆ. ಕಾರಣ ಸರಳ, ಗೋಲು ಕಡಿಮೆ. ಕಬಡ್ಡಿಯಲ್ಲಿ ಎರಡೂ ತಂಡ ಸೇರಿ ಅರವತ್ತು ಎಪ್ಪತ್ತು ಪಾಯಿಂಟ್ ಆಗುತ್ತೆ. ಒಂದು ರೇಡ್‌ನಲ್ಲಿ ಕಾಲು ಜಾರಿದ್ರೂ ಮುಂದಿನ ಹತ್ತು ರೇಡ್‌ನಲ್ಲಿ ಸರಿ ಮಾಡ್ಕೋಬಹುದು. ಫುಟ್ಬಾಲ್‌ನಲ್ಲಿ 90 ನಿಮಿಷಕ್ಕೆ ಎರಡೋ ಮೂರೋ ಗೋಲು. ಚೆಂಡು ಯಾರದ್ದೋ ಮೊಣಕಾಲಿಗೆ ತಾಗಿ ಒಳಗೆ ಹೋದ್ರೆ ಅರ್ಧ ಪಂದ್ಯವೇ ಹೋದಂಗೆ.

ಈ ಅದೃಷ್ಟವನ್ನು ಬೇರೆ ಮಾಡಿ ನೋಡೋಕೆ ಹುಟ್ಟಿದ್ದೇ ಎಕ್ಸ್‌ಜಿ. ನಿಮ್ಮ ಸ್ಕೋರ್ ಆ್ಯಪ್‌ನಲ್ಲಿ 1.4, 0.6 ಅಂತೆಲ್ಲ ತೋರಿಸುತ್ತಲ್ಲ, ಅದೇ. ಹಿಂದಿನ ಸಾವಿರಾರು ಹೊಡೆತಗಳನ್ನು ನೋಡಿ, ಇಂಥ ಜಾಗದಿಂದ, ಇಂಥ ಕೋನದಿಂದ ಹೊಡೆದ ಚೆಂಡು ನೂರಕ್ಕೆ ಎಷ್ಟು ಸಲ ಗೋಲಾಗಿದೆ ಅಂತ ಲೆಕ್ಕ ಹಾಕ್ತಾರೆ. ಪೆನಾಲ್ಟಿಗೆ ಸುಮಾರು 0.75ರಿಂದ 0.8. ದೂರದಿಂದ ಬೀಸಿದ ಹೊಡೆತಕ್ಕೆ 0.03, 0.05. ಎಲ್ಲ ಹೊಡೆತ ಕೂಡಿಸಿದ್ರೆ ತಂಡದ ಎಕ್ಸ್‌ಜಿ.

ಒಂದು ಉದಾಹರಣೆ. 0.1 ಬೆಲೆಯ ಹತ್ತು ಅವಕಾಶ ಸಿಕ್ಕವು ಅನ್ಕೊಳ್ಳಿ. ಎಕ್ಸ್‌ಜಿ 1.0 ಆಯ್ತು, ಒಂದು ಗೋಲು ಬರ್ಬೇಕಿತ್ತು ಅನ್ನಿಸುತ್ತೆ. ಆದ್ರೆ ಹತ್ತೂ ತಪ್ಪೋ ಸಾಧ್ಯತೆ ನೂರಕ್ಕೆ 35! ಚೆನ್ನಾಗಿ ಆಡಿಯೂ ಮೂರು ಪಂದ್ಯಕ್ಕೊಂದು ಸಲ ಸೊನ್ನೆ. ಕೋಚ್‌ನ ಬೈಯೋ ಮುಂಚೆ ಈ 35ನ್ನು ಒಮ್ಮೆ ನೆನಪಿಸಿಕೊಳ್ಳಿ.

ನನಗೆ ಅತಿ ಹೆಚ್ಚು ಪಾಠ ಹೇಳೋದು 2023ರ ಮಾರ್ಚ್‌ನ ಒಂದು ವಾರ. ಸೆಮಿಫೈನಲ್‌ನಲ್ಲಿ ಮುಂಬೈ ಸಿಟಿ ಜೊತೆ ಎರಡು ಪಂದ್ಯ ಸೇರಿ 2-2 ಸಮ. ಪೆನಾಲ್ಟಿ ಶೂಟೌಟ್. ಎರಡೂ ಕಡೆಯವರು ಎಂಟೆಂಟು ಹೊಡೆದ್ರು, ಹದಿನಾರೂ ಒಳಗೆ. ನೂರಕ್ಕೆ 75 ಅನ್ನೋ ಲೆಕ್ಕದಲ್ಲಿ ಹೀಗಾಗೋದು ನೂರರಲ್ಲಿ ಒಂದು ಸಲ. ಒಂಬತ್ತನೆಯದನ್ನು ಗುರ್‌ಪ್ರೀತ್ ತಡೆದ್ರು, ಜಿಂಗಾನ್ ಹೊಡೆದ್ರು, 9-8. ಆರು ದಿನದ ನಂತರ ಗೋವಾದಲ್ಲಿ ಎಟಿಕೆ ಮೋಹನ್ ಬಾಗಾನ್ ವಿರುದ್ಧ ಫೈನಲ್, 2-2, ಮತ್ತೆ ಶೂಟೌಟ್. ಈ ಸಲ ಐದರಲ್ಲಿ ಮೂರು ಒಳಗೆ, ಎರಡು ತಪ್ಪು. ಕಪ್ ಹೋಯ್ತು.

ಮರುದಿನ ಎಲ್ಲರ ಬಾಯಲ್ಲೂ ಒಂದೇ ಮಾತು, "ಒತ್ತಡ ತಡ್ಕೊಳ್ಳೋಕಾಗಲ್ಲ ಇವರಿಗೆ." ಆದ್ರೆ ಎರಡೂ ಶೂಟೌಟ್ ಕೂಡಿಸಿ. 14ರಲ್ಲಿ 12 ಗೋಲು, ನೂರಕ್ಕೆ 86. ಸರಾಸರಿಗಿಂತ ಎಷ್ಟೋ ಮೇಲು. ಸೆಮಿಫೈನಲ್ ದಿನ ಅದೇ ಆಟಗಾರರನ್ನು ಉಕ್ಕಿನ ನರದವರು ಅಂದಿದ್ವಿ. ಆರು ದಿನದಲ್ಲಿ ನರ ಬದಲಾಗಲ್ಲ. ತಪ್ಪಿದ ಎರಡು ಹೊಡೆತ ಬೇರೆ ದಿನ ಬಂದಿದ್ರೆ ಕಥೆಯೇ ಬೇರೆ ಆಗ್ತಿತ್ತು, ಅಷ್ಟೇ.

ಹಾಗಾದ್ರೆ ಎಲ್ಲ ಸೋಲಿಗೂ ಅದೃಷ್ಟ ಅಂತ ಬೋರ್ಡ್ ಹಾಕಬಹುದಾ? ಇಲ್ಲಿಗೆ ಬಂದಾಗ ನಾನು ಹೊಸದುರ್ಗದ ಗೆಳೆಯರ ಜೊತೆ ಜಗಳಕ್ಕೇ ನಿಲ್ತೀನಿ. ಅದೇ 2022-23ರ ಲೀಗ್ ನೋಡಿ. ಮೊದಲ 12 ಪಂದ್ಯದಲ್ಲಿ ಬಿಎಫ್‌ಸಿ ಗಳಿಸಿದ್ದು ಬರೀ 10 ಅಂಕ. ಆಮೇಲೆ ಸತತ ಎಂಟು ಗೆಲುವು, 24 ಅಂಕ. ನಾವೆಲ್ಲ ಆ ಎಂಟನ್ನೇ ನಿಜವಾದ ಬಿಎಫ್‌ಸಿ ಅಂದ್ಕೊಂಡ್ವಿ. ಮುಂದಿನ ವರ್ಷ 22 ಪಂದ್ಯಕ್ಕೆ 22 ಅಂಕ, 12 ತಂಡಗಳಲ್ಲಿ ಹತ್ತನೇ ಸ್ಥಾನ. ಒಂದು ಪಂದ್ಯದಲ್ಲಿ ಅದೃಷ್ಟ ಕೈ ಕೊಡಬಹುದು, ಎರಡರಲ್ಲಿ ಕೊಡಬಹುದು. 22 ಪಂದ್ಯದಲ್ಲಿ ಅದು ಹೆಚ್ಚುಕಡಿಮೆ ಸಮ ಆಗುತ್ತೆ. ಹತ್ತನೇ ಸ್ಥಾನ ಲಕ್ ಅಲ್ಲ. ತಂಡ ಚೆನ್ನಾಗಿರಲಿಲ್ಲ.

ನಮ್ಮ ಹಿರಿಯೂರಿನ ವಾಣಿ ವಿಲಾಸ ಸಾಗರ ಇದಕ್ಕೆ ಒಳ್ಳೇ ಹೋಲಿಕೆ. 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆ ಜಲಾಶಯ ಕೋಡಿ ಬಿದ್ದಿದ್ದು 1933ರಲ್ಲಿ. ಆಮೇಲೆ 89 ವರ್ಷ ಇಲ್ಲ. 2022ರಲ್ಲಿ ಮತ್ತೆ ಬಿತ್ತು, ಬಸ್ಸು ಮಾಡ್ಕೊಂಡು ಜನ ನೋಡೋಕೆ ಹೋದ್ರು. 2025ರ ಜನವರಿಯಲ್ಲಿ ಇನ್ನೊಂದು ಸಲ. 89 ವರ್ಷ ಬಾರದ ಅದೃಷ್ಟ ಮೂರು ವರ್ಷದೊಳಗೆ ಎರಡು ಸಲ ಹೇಗೆ ಬಂತು? 2022ರ ಮಳೆ ವಿಪರೀತ, ಅದು ನಮ್ಮ ಕೈಯಲ್ಲಿ ಇಲ್ಲದ್ದು. ಆದ್ರೆ 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಅದಕ್ಕೆ ಸೇರ್ತಾ ಇದೆ. ಅಂದ್ರೆ ಒಳಹರಿವೇ ಬದಲಾಗಿದೆ. ಮಳೆ ಅದೃಷ್ಟ, ಕಾಲುವೆ ಅದೃಷ್ಟ ಅಲ್ಲ.

ತಂಡದ ವಿಷಯದಲ್ಲೂ ಇದನ್ನೇ ಕೇಳಬೇಕು. ಇದು ಒಂದು ದಿನದ ಮಳೆಯಾ, ಅಥವಾ ಒಳಹರಿವೇ ಬದಲಾಯ್ತಾ? 2023ರ ಫೈನಲ್ ಆದ್ಮೇಲೆ ರಾಯ್ ಕೃಷ್ಣ ಒಡಿಶಾಗೆ ಹೋದ್ರು, ಜಿಂಗಾನ್ ಗೋವಾಗೆ ಹೋದ್ರು. ಅದು ಕಾಲುವೆ ಮುಚ್ಚಿದ ಹಾಗೆ. 2024-25ರಲ್ಲಿ 24 ಪಂದ್ಯಕ್ಕೆ 38 ಅಂಕ, ಮೂರನೇ ಸ್ಥಾನ, ನಲವತ್ತರ ಛೆಟ್ರಿ ಕಾಲಿನಿಂದ, ತಲೆಯಿಂದ 14 ಗೋಲು. ಅದು ನಿಜವಾದ ಸುಧಾರಣೆ. ಆ ವರ್ಷದ ಫೈನಲ್‌ನಲ್ಲಿ ಬಾಗಾನ್ ಆಟಗಾರನ ಸ್ವಂತ ಗೋಲಿನಿಂದ ನಮಗೆ ಮುನ್ನಡೆ ಸಿಕ್ಕಿತ್ತು, ಇದನ್ನೂ ಮರೀಬೇಡಿ. ಆಮೇಲೆ ಅವರಿಗೊಂದು ಪೆನಾಲ್ಟಿ, ಹೆಚ್ಚುವರಿ ಸಮಯದಲ್ಲಿ ಮೆಕ್ಲಾರೆನ್ ಗೋಲು, 1-2. ಅದೃಷ್ಟ ಎರಡೂ ಕಡೆ ಹೋಗಿ ಬಂದಿತ್ತು.

ಆರ್‌ಸಿಬಿ ಬಗ್ಗೆ ಒಂದೇ ಮಾತು, ಇಲ್ಲಾಂದ್ರೆ ಬಿಡಲ್ಲ ನೀವು. ಎಂಟು ಸಮಬಲದ ತಂಡಗಳಿದ್ರೆ, ಒಂದು ತಂಡ 17 ವರ್ಷ ಕಪ್ ಗೆಲ್ಲದೇ ಇರೋ ಸಾಧ್ಯತೆ ನೂರಕ್ಕೆ 10. 2008ರಿಂದ ಆಡ್ತಿರೋ ಪಂಜಾಬ್, ಡೆಲ್ಲಿಗೂ 2025ರವರೆಗೆ ಕಪ್ ಸಿಕ್ಕಿರಲಿಲ್ಲ. ಅವರಿಗೆ ಯಾರೂ ಶಾಪದ ಕಥೆ ಕಟ್ಟಲಿಲ್ಲ, ಮೀಮ್ ಮಾಡೋಕೆ ಅಷ್ಟು ಅಭಿಮಾನಿಗಳು ಇರಲಿಲ್ಲ ಅನ್ಸುತ್ತೆ.

ಇಷ್ಟೆಲ್ಲ ಲೆಕ್ಕ ಯಾಕೆ ಅಂದ್ರೆ, ಲಕ್ ಮತ್ತು ಆಟದ ನಡುವಿನ ಈ ಗೊಂದಲವನ್ನೇ ಕೆಲವರು ದುಡ್ಡು ಮಾಡ್ಕೋತಾರೆ. ಐಪಿಎಲ್ ಬೆಟ್ಟಿಂಗ್ ಸಾಲ ಒಂದು ಮನೆಯನ್ನು ಎಲ್ಲಿಗೆ ತಳ್ಳುತ್ತೆ ಅನ್ನೋ ಸುದ್ದಿ 2024ರಲ್ಲಿ ದೇಶಕ್ಕೆಲ್ಲ ಹೋಗಿದ್ದು ನಮ್ಮ ಜಿಲ್ಲೆಯಿಂದಲೇ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾಯ್ದೆ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ದೊಡ್ಡ ಆ್ಯಪ್‌ಗಳು ಹಣದ ಸ್ಪರ್ಧೆ ನಿಲ್ಲಿಸಿದ್ವು. ಆದ್ರೆ ಟೆಲಿಗ್ರಾಂನಲ್ಲಿ "ನೂರಕ್ಕೆ ನೂರು ಪಕ್ಕಾ ಟಿಪ್" ಅನ್ನೋರು ಕಾಯ್ದೆ ಓದಿ ಬರಲ್ಲ.

ಬೆಟ್ಟಿಂಗ್‌ನ ಗಣಿತ ಮೊದಲು. ಸಮಬಲದ ಎರಡು ತಂಡ, ಯಾರ ಮೇಲೆ ನೂರು ರೂಪಾಯಿ ಕಟ್ಟಿದ್ರೂ ಗೆದ್ರೆ 190 ಕೊಡ್ತಾರೆ ಅನ್ಕೊಳ್ಳಿ. ಅರ್ಧ ಸಲ ಗೆಲ್ತೀರಿ, ಅಂದ್ರೆ ಸರಾಸರಿ ಕೈಗೆ ಬರೋದು 95. ಪ್ರತಿ ನೂರಕ್ಕೂ ಐದು ರೂಪಾಯಿ ಅವರ ಜೇಬಿಗೆ, ಯಾರು ಗೆದ್ರೂ. ಒಂದು ರಾತ್ರಿ ನಿಮಗೆ ಲಕ್ ಹೊಡೆಯಬಹುದು. ಇನ್ನೂರು ರಾತ್ರಿ ಆಡಿದ್ರೆ ಉಳಿಯೋದು ಆ ಐದು ರೂಪಾಯಿಯ ಲೆಕ್ಕ.

ಇನ್ನು ಟಿಪ್ ಕೊಡೋರ ಕಸುಬು. ಒಬ್ಬ 64 ಜನಕ್ಕೆ ಮೆಸೇಜ್ ಕಳಿಸ್ತಾನೆ. 32 ಜನಕ್ಕೆ "ಇವತ್ತು ಇವರು ಗೆಲ್ತಾರೆ", ಉಳಿದ 32 ಜನಕ್ಕೆ "ಅವರು ಗೆಲ್ತಾರೆ". ಪಂದ್ಯ ಮುಗಿದ ಮೇಲೆ ತಪ್ಪು ಹೋದ 32 ಜನರನ್ನು ಬಿಟ್ಟುಬಿಡ್ತಾನೆ. ಸರಿ ಬಂದ 32 ಜನರನ್ನು ಮತ್ತೆ ಎರಡು ಭಾಗ. ಆಮೇಲೆ 16, 8, 4, 2. ಐದು ಪಂದ್ಯ ಮುಗಿಯೋ ಹೊತ್ತಿಗೆ ಇಬ್ಬರ ಫೋನ್‌ನಲ್ಲಿ ಐದಕ್ಕೆ ಐದು ಸರಿ ಬಂದಿರುತ್ತೆ. ಫುಟ್ಬಾಲ್ ಗೊತ್ತಿರಬೇಕಂತಲೂ ಇಲ್ಲ ಅವನಿಗೆ. ಆ ಇಬ್ಬರಲ್ಲಿ ಒಬ್ಬರು ಹೊಳಲ್ಕೆರೆಯಲ್ಲಿ ಕೂತು, "ಈತನಿಗೆ ಒಳಗಿನ ಸುದ್ದಿ ಇದೆ" ಅಂತ ನಂಬಿ, ಆರನೇ ಟಿಪ್‌ಗೆ ಐದು ಸಾವಿರ ಕಳಿಸ್ತಾರೆ. ಉಳಿದ 62 ಜನಕ್ಕೆ ಇವರು ಯಾರು ಅಂತ ಗೊತ್ತಿಲ್ಲ, ಇವರಿಗೆ ಆ 62 ಜನ ಇದ್ರು ಅಂತಲೇ ಗೊತ್ತಿಲ್ಲ.

ಇಂಥ ಮೆಸೇಜ್ ನಿಮಗೂ ಬಂದಿದ್ರೆ ಸ್ಕ್ರೀನ್‌ಶಾಟ್ ಕಳಿಸಿ, ಹೆಸರು ನಂಬರ್ ಮುಚ್ಚಿ. ಮುಂದಿನ ಸಂಚಿಕೆಯಲ್ಲಿ ಅದನ್ನೇ ಬಿಡಿಸಿ ನೋಡೋಣ.