ಕಳ್ಳರ ಬಗ್ಗೆ ಓದೂದಕ್ಕ ಮೂರು ವರ್ಷ ಬೇಕೇನ್ರಿ?

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಕೊಗನೋಳಿ ನಾಕಾ ದಾಟಿ, ಕಾಗಲ ಹಿಂದೆ ಬಿಟ್ಟು ಕೊಲ್ಹಾಪುರದ ಕಡೆ ಸಾಗಿದರೆ ಗೋಕುಳ ಶಿರಗಾಂವ. ಗೋಕುಳ ಹಾಲಿನ ಸಂಘದ ದೊಡ್ಡ ಡೇರಿ, ಎಂಐಡಿಸಿಯ ಫೌಂಡ್ರಿಗಳು, ಮಷಿನ್ ಶಾಪುಗಳು ಇರುವ ಊರು. ಪಾಳಿ ಬಿಡುವ ಹೊತ್ತಿಗೆ ಚಹಾದಂಗಡಿ ಮುಂದೆ ನಿಂತರೆ ಮರಾಠಿಯ ನಡುನಡುವೆ ನಿಪ್ಪಾಣಿ, ಚಿಕ್ಕೋಡಿ, ಹುಕ್ಕೇರಿ ಕಡೆಯ ಕನ್ನಡವೂ ಕಿವಿಗೆ ಬೀಳುತ್ತದೆ. ಫೌಂಡ್ರಿಯಲ್ಲಿ ಕೆಲಸಕ್ಕಿದ್ದ ಮಗನನ್ನು ನೋಡಲು ಬಂದಿದ್ದ ನಿಪ್ಪಾಣಿ ಕಡೆಯ ರೈತರೊಬ್ಬರು, ನಾನು ಪತ್ರಿಕೆಯವನು ಎಂದು ತಿಳಿದ ಕೂಡಲೇ ಬೆಂಚಿನ ಮೇಲೆ ಸರಿದು ಜಾಗ ಕೊಟ್ಟರು.

“ಸಾಹೇಬ್ರ, ಮಗಳು ಪಿಯುಸಿ ಮುಗಿಸ್ಯಾಳ. ಧಾರವಾಡಕ್ಕ ಹೋಗಿ ಕ್ರಿಮಿನಾಲಜಿ ಓದ್ತೀನಿ ಅಂತ ಹಟ ಹಿಡದಾಳ. ಕಳ್ಳರ ಬಗ್ಗೆ ಓದೂದಕ್ಕ ಮೂರು ವರ್ಷ ಬೇಕೇನ್ರಿ? ಒಂದು ಹಂಗಾಮಿನ ಕಬ್ಬಿನ ಬಿಲ್ಲು ಪೂರಾ ಅದಕ್ಕ ಹೋಗತೈತಿ.”

ಪ್ರಶ್ನೆ ನ್ಯಾಯವಾದದ್ದು. ಹಾಸ್ಟೆಲ್ಲು, ಫೀ, ಪುಸ್ತಕ ಎಲ್ಲ ಸೇರಿದರೆ ಸಣ್ಣ ಹಿಡುವಳಿಯವರಿಗೆ ಅದು ಸಣ್ಣ ಮೊತ್ತವಲ್ಲ. ಅವರಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ. ಗಡಿಯ ಈಚೆಗೂ ಆಚೆಗೂ ಈ ಪ್ರಶ್ನೆ ಇರುವ ಮನೆಗಳು ಇನ್ನೂ ಇದ್ದಾವು.

ಇದು ಕಳ್ಳರ ಬಗ್ಗೆ ಮಾತ್ರ ಇರುವ ಓದಲ್ಲ. ಪೊಲೀಸ್ ಠಾಣೆ, ಕೋರ್ಟು, ಜೈಲು ಈ ಮೂರು ಮನೆಗಳ ಕಾರಭಾರ ಹೇಗೆ ನಡೆಯುತ್ತದೆ, ಒಂದರಿಂದ ಇನ್ನೊಂದಕ್ಕೆ ಕಾಗದ ಹೇಗೆ ಹೋಗುತ್ತದೆ, ಮನುಷ್ಯ ಯಾಕೆ ತಪ್ಪು ಮಾಡುತ್ತಾನೆ, ಶಿಕ್ಷೆಯ ನಂತರ ಅವನನ್ನು ಏನು ಮಾಡಬೇಕು, ಪೆಟ್ಟು ತಿಂದವನಿಗೆ ಏನು ಸಿಗಬೇಕು ಎಂಬುದೆಲ್ಲ ಇದರಲ್ಲಿ ಬರುತ್ತದೆ. ನಮ್ಮ ದೇಶದಲ್ಲಿ ಇದು ನಿನ್ನೆ ಮೊನ್ನೆ ಹುಟ್ಟಿದ ವಿಷಯವೂ ಅಲ್ಲ. ಮಧ್ಯಪ್ರದೇಶದ ಸಾಗರ ವಿಶ್ವವಿದ್ಯಾಲಯದಲ್ಲಿ 1959ರಲ್ಲೇ ಇದಕ್ಕೆ ಪ್ರತ್ಯೇಕ ವಿಭಾಗ ತೆರೆಯಿತು. ನಮ್ಮ ಭಾಗದವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಹಳೆಯ ಬಾಗಿಲು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದಲ್ಲೂ ಈ ವಿಷಯದ ವಿಭಾಗವಿದೆ. ಬಿ.ಎ.ಯಲ್ಲಿ ಸಮಾಜಶಾಸ್ತ್ರ, ಇತಿಹಾಸದಂಥ ವಿಷಯದ ಜೊತೆ ಇದನ್ನು ಒಂದು ವಿಷಯವಾಗಿ ತೆಗೆದುಕೊಳ್ಳುವುದು ರೂಢಿ.

ಗಡಿಯವರಿಗೆ ಇದರ ಉಪಯೋಗ ಏನು ಎಂದು ಅವರು ಕೇಳಿದರು. ನಾನು ಹೆದ್ದಾರಿಯತ್ತ ಕೈ ತೋರಿಸಿದೆ.

ಸಂಕೇಶ್ವರದಿಂದ ಮೆಣಸಿನಕಾಯಿ ಹೇರಿಕೊಂಡು ಕೊಲ್ಹಾಪುರಕ್ಕೆ ಹೊರಟ ಗಾಡಿಯಿಂದ ರಾತ್ರಿ ನಾಲ್ಕು ಚೀಲ ಹೋದವು ಅನ್ನಿ. ನಿಪ್ಪಾಣಿ ದಾಟುವಾಗ ಇದ್ದವು, ಶಿರಗಾಂವದಲ್ಲಿ ತಾಡಪತ್ರಿ ಬಿಚ್ಚಿದಾಗ ಇಲ್ಲ. ಕಳವು ಯಾವ ರಾಜ್ಯದ್ದು? ‘ನಮ್ಮ ಹದ್ದಿನೊಳಗ ಆಗಿಲ್ಲ’ ಎಂದರೆ ವ್ಯಾಪಾರಿ ಎರಡು ಭಾಷೆಯಲ್ಲಿ ಎರಡು ಅರ್ಜಿ ಹಿಡಿದು ಅಡ್ಡಾಡಬೇಕು. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಇದಕ್ಕೆ ಉತ್ತರ ಕೊಟ್ಟಿದೆ. ಪೊಲೀಸರು ನೇರವಾಗಿ ಕೈಗೆತ್ತಿಕೊಳ್ಳಬಹುದಾದ ಅಪರಾಧ ಎಲ್ಲೇ ನಡೆದಿರಲಿ, ಹತ್ತಿರದ ಠಾಣೆಯಲ್ಲಿ ಫಿರ್ಯಾದಿ ಕೊಡಬಹುದು. ಆ ಠಾಣೆಯವರು ಅದನ್ನು ‘ಝೀರೋ ಎಫ್‌ಐಆರ್’ ಎಂದು ದಾಖಲಿಸಿ, ಹದ್ದಿನ ಠಾಣೆಗೆ ತಾವೇ ಕಳಿಸಬೇಕು. ಮೊಬೈಲಿನಿಂದ ಕಳಿಸಿದ ಫಿರ್ಯಾದಿಯೂ ನಡೆಯುತ್ತದೆ, ಆದರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕಟ್ಟೆ ಕೊಡಬೇಕು. ತನಿಖೆ ಎಲ್ಲಿಗೆ ಬಂತು ಎಂಬುದನ್ನು ತೊಂಬತ್ತು ದಿನದೊಳಗೆ ಫಿರ್ಯಾದಿಗೆ ತಿಳಿಸಬೇಕು. 2012ರ ದೆಹಲಿ ಪ್ರಕರಣದ ನಂತರ ಝೀರೋ ಎಫ್‌ಐಆರ್ ಮಾತು ಸರಕಾರಿ ಸೂಚನೆಗಳಲ್ಲಿ ಬಂದಿತ್ತು. ಈಗ ಅದಕ್ಕೆ ಕಾಯ್ದೆಯ ಬಲ ಇದೆ. ಇಷ್ಟು ಗೊತ್ತಿರುವ ಒಬ್ಬ ಹುಡುಗಿ ಊರಲ್ಲಿದ್ದರೆ ಎಷ್ಟು ಜನರ ಬಸ್ ಚಾರ್ಜು ಉಳಿದೀತು, ಲೆಕ್ಕ ಹಾಕಿರಿ.

ವ್ಯಾಪಾರಿಗಳಿಗೆ ಇನ್ನೊಂದು ಮಾತು. ಮೋಸಗಾರನಿಗೆ ನಾವು ‘ಚಾರ್‌ಸೌ ಬೀಸ್’ ಅನ್ನುತ್ತಲೇ ಬಂದೆವು. ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 420 ಹೋಗಿ 318 ಆಗಿದೆ. ಹಳೆಯ ದಂಡ ಸಂಹಿತೆಯಲ್ಲಿ 511 ಕಲಮುಗಳಿದ್ದವು, ಹೊಸದರಲ್ಲಿ 358. ಬೈಗುಳ ಮಾತ್ರ ಇನ್ನೂ ನಾಲ್ಕು ತಲೆಮಾರು ಹಳೆಯ ನಂಬರಿನಲ್ಲೇ ನಡೆದೀತು! ಚೆಕ್ ಬೌನ್ಸಿನ 138 ಅಲ್ಲೇ ಇದೆ. ಅದು ಬೇರೆಯೇ ಕಾಯ್ದೆ.

ಠಾಣೆ ದಾಟಿ ಕೋರ್ಟಿಗೆ ಬಂದರೆ ನಮ್ಮ ದ್ವಿಭಾಷೆಯ ಬೆಲೆ ತಿಳಿಯುತ್ತದೆ. ಹೈಕೋರ್ಟಿನ ಕೆಳಗಿನ ಕ್ರಿಮಿನಲ್ ಕೋರ್ಟುಗಳ ಭಾಷೆ ಯಾವುದೆಂದು ಆಯಾ ರಾಜ್ಯ ಸರಕಾರ ಗೊತ್ತುಮಾಡುತ್ತದೆ. ಕೊಲ್ಹಾಪುರದಲ್ಲಿ ಮರಾಠಿ, ನಿಪ್ಪಾಣಿಯಲ್ಲಿ ಕನ್ನಡ. ಕೊಲ್ಹಾಪುರದ ಕೋರ್ಟಿನಲ್ಲಿ ನಮ್ಮ ಕಡೆಯ ಕೂಲಿಯವನು ಕನ್ನಡದಲ್ಲಿ ಸಾಕ್ಷಿ ಹೇಳಿದರೆ, ಆದ ಮಟ್ಟಿಗೆ ಅದನ್ನು ಅವನ ಮಾತಿನಲ್ಲೇ ಬರೆದುಕೊಳ್ಳಬೇಕು, ಆಗದಿದ್ದರೆ ಸರಿಯಾದ ಅನುವಾದ ಮಾಡಿ ಇಡಬೇಕು ಎಂದು ಕಾಯ್ದೆ ಹೇಳುತ್ತದೆ. ಆರೋಪಿಗೆ ತಿಳಿಯದ ಭಾಷೆಯಲ್ಲಿ ಸಾಕ್ಷಿ ನಡೆದರೆ ತೆರೆದ ಕೋರ್ಟಿನಲ್ಲಿ ಅದರ ಅರ್ಥ ಹೇಳಿಸಬೇಕು. ‘ಹೊಡದಾ’ ಎಂಬ ಒಂದು ಮಾತನ್ನೇ ತೆಗೆದುಕೊಳ್ಳಿ. ಕೈಯಿಂದಲೋ, ಬಡಿಗೆಯಿಂದಲೋ, ಕೊಲ್ಲುವಂತೆಯೋ ಎಂಬುದು ಅನುವಾದದಲ್ಲಿ ಜಾರಿದರೆ ಒಬ್ಬನ ಆಯುಷ್ಯದ ವರ್ಷಗಳೇ ಜಾರುತ್ತವೆ. ಈ ಕೆಲಸಕ್ಕೆ ಎರಡೂ ಮಾತು ಬಲ್ಲ, ಕಾಯ್ದೆಯೂ ಗೊತ್ತಿರುವ ನಮ್ಮ ಮಕ್ಕಳಿಗಿಂತ ಬೇರೆ ಯಾರು ಬೇಕು?

ಮೇಲಿನ ಕೋರ್ಟೂ ಈಗ ಹತ್ತಿರ ಬಂದಿದೆ. ಧಾರವಾಡದಲ್ಲಿ ಕರ್ನಾಟಕ ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ಆರಂಭವಾಗಿ 2013ರಲ್ಲಿ ಕಾಯಂ ಆಯಿತು. ಕೊಲ್ಹಾಪುರದವರು ದಶಕಗಟ್ಟಲೆ ಬೇಡಿದ ಮುಂಬೈ ಹೈಕೋರ್ಟಿನ ಸರ್ಕಿಟ್ ಬೆಂಚ್ 2025ರ ಆಗಸ್ಟಿನಲ್ಲಿ ಶುರುವಾಯಿತು. ಸಾತಾರಾ, ಸಾಂಗ್ಲಿ, ಸೋಲಾಪುರ, ರತ್ನಾಗಿರಿ, ಸಿಂಧುದುರ್ಗದ ಪ್ರಕರಣಗಳೂ ಅಲ್ಲಿಗೇ ಬರುತ್ತವೆ. ಗಡಿಯ ಎರಡೂ ಬದಿಗೆ ಒಂದೊಂದು ಹೈಕೋರ್ಟ್ ಪೀಠ ಇರುವಾಗ ವಕೀಲರ ಕಚೇರಿಗಳಲ್ಲಿ ಕೆಲಸ ಹೆಚ್ಚುವುದು ಸಹಜ.

ಮೂರನೆಯ ಮನೆ ಜೈಲು. ಇದರ ಪಾಠಕ್ಕೆ ಅಮೆರಿಕದ ಪುಸ್ತಕ ತೆರೆಯಬೇಕಾಗಿಲ್ಲ. ಸಾಂಗ್ಲಿ ಜಿಲ್ಲೆಯ ಆಟಪಾಡಿ ಹತ್ತಿರ ಔಂಧ ಸಂಸ್ಥಾನದವರು 1939ರಲ್ಲಿ ಸ್ವತಂತ್ರಪುರ ಎಂಬ ಬಯಲು ವಸಾಹತು ಕಟ್ಟಿದರು. ಗೋಡೆಯಿಲ್ಲದ ಆ ಜೈಲಿನಲ್ಲಿ ಕೈದಿಗಳು ಹೊಲ ಮಾಡುತ್ತಾ ಬದುಕಿದರು. ಕೊಲ್ಹಾಪುರದಲ್ಲೇ ಹುಟ್ಟಿದ ವಿ. ಶಾಂತಾರಾಮ 1957ರಲ್ಲಿ ತೆಗೆದ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರಕ್ಕೆ ಸ್ಫೂರ್ತಿ ಇದೇ. ಇನ್ನು 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಹುಟ್ಟಿದ ಮಗುವನ್ನೂ ಕಳ್ಳ ಎಂದು ಬರೆದಿಟ್ಟಿತ್ತು. ಹುಬ್ಬಳ್ಳಿ, ವಿಜಯಪುರ, ಸೋಲಾಪುರದಲ್ಲಿ ಅದರ ಸೆಟ್ಲ್‌ಮೆಂಟುಗಳಿದ್ದವು. ಅದೇ ಕಾಲದಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು ಫಾಸೆಪಾರಧಿಗಳಿಗೆ ಕಾವಲಿನ ಕೆಲಸ ಕೊಟ್ಟು ನೆಲೆ ನಿಲ್ಲಿಸಿದರು. ಕಾಯ್ದೆ ರದ್ದಾದದ್ದು 1952ರಲ್ಲಿ. ಹಣೆಪಟ್ಟಿ ಇನ್ನೂ ಪೂರಾ ಹೋಗಿಲ್ಲ ಎನ್ನುವುದು ನನ್ನ ಅಭಿಪ್ರಾಯ.

“ಅದೆಲ್ಲಾ ಖರೇರಿ. ನೌಕರಿ?”

ಇಲ್ಲಿ ಸಿಹಿ ಮಾತು ಬೇಡ. ಪಿಎಸ್‌ಐ ಪರೀಕ್ಷೆಗೆ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಯಾವುದೇ ಪದವಿ ನಡೆಯುತ್ತದೆ. ಕ್ರಿಮಿನಾಲಜಿ ಓದಿದವರಿಗೆ ಬೇರೆ ಸಾಲು ಇಲ್ಲ. ಆಚೆಯ ನೇಮಕಾತಿಗೆ ರಹಿವಾಸಿ ದಾಖಲೆ, ಮರಾಠಿ ಎರಡೂ ಬೇಕು. ಸರಕಾರಿ ವಕೀಲರಾಗಲು ಇದರ ಮೇಲೆ ಎಲ್‌ಎಲ್‌ಬಿ ಮಾಡಿ, ಕೆಲವು ವರ್ಷ ವಕೀಲಿ ನಡೆಸಿರಬೇಕು. ಮುಖ್ಯವಾಗಿ, ಬಿ.ಎ. ವಿಷಯದ ಹೆಸರಿನಲ್ಲಿ ‘ಫೊರೆನ್ಸಿಕ್’ ಎಂದಿದ್ದ ಮಾತ್ರಕ್ಕೆ ಲ್ಯಾಬಿನ ನೌಕರಿ ಸಿಗುವುದಿಲ್ಲ. ಅದಕ್ಕೆ ಸೈನ್ಸ್ ಪದವಿ ಬೇಕು. ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧದ ಸ್ಥಳಕ್ಕೆ ಫೊರೆನ್ಸಿಕ್ ತಜ್ಞರು ಹೋಗಲೇಬೇಕೆಂದು ಹೊಸ ಕಾಯ್ದೆ ಹೇಳುತ್ತದೆ, ರಾಜ್ಯಗಳಿಗೆ ತಯಾರಿಗೆ ಐದು ವರ್ಷದ ಅವಧಿ ಕೊಟ್ಟಿದೆ. ಹಾಗಾಗಿ ಆ ಕಡೆ ಕೆಲಸ ಹೆಚ್ಚಲಿದೆ. ರಾಷ್ಟ್ರೀಯ ನ್ಯಾಯವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಮಗಳು ಪಿಯುಸಿಯಲ್ಲಿ ಸೈನ್ಸ್ ಓದಿದ್ದರೆ ಆ ದಾರಿ, ಆರ್ಟ್ಸ್ ಆಗಿದ್ದರೆ ಬಿ.ಎ. ಮತ್ತು ಅದರ ಮೇಲೆ ಕಾನೂನು. ನನಗೆ ತಿಳಿದಂತೆ ನಮ್ಮ ಭಾಗಕ್ಕೆ ಇದೇ ನೆಟ್ಟಗಿನ ಲೆಕ್ಕ.

ಅವರ ಮಗಳದು ಆರ್ಟ್ಸ್. ಕರ್ನಾಟಕದಲ್ಲಿ 2024–25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಮಹಾರಾಷ್ಟ್ರದಲ್ಲಿ ನಾಲ್ಕನೆಯ ವರ್ಷದ ಆನರ್ಸೂ ಇದೆ. ಅದನ್ನು ನೋಡಿ ಖರ್ಚು ಹಾಕಿರಿ ಎಂದೆ. ಕಾಲೇಜಿಗೆ ಹೋದಾಗ ಪ್ರಾಸ್ಪೆಕ್ಟಸ್ ನೋಡಿ ಸುಮ್ಮನಾಗಬೇಡಿ, ಕ್ರಿಮಿನಾಲಜಿಗೆ ಕಾಯಂ ಪ್ರಾಧ್ಯಾಪಕರು ಇದ್ದಾರೋ ಗೆಸ್ಟ್ ಲೆಕ್ಚರರೋ, ಠಾಣೆ–ಜೈಲು ತೋರಿಸಲು ಕರೆದೊಯ್ಯುತ್ತಾರೋ ಇಲ್ಲವೋ, ಕನ್ನಡದಲ್ಲಿ ಪರೀಕ್ಷೆ ಬರೆಯಲು ಬಿಡುತ್ತಾರೋ, ಇಷ್ಟನ್ನು ಮೊದಲು ಕೇಳಿರಿ ಎಂದೂ ಹೇಳಿದೆ. ಅವರು ಅದನ್ನೆಲ್ಲ ಹಾಲಿನ ಸಂಘದ ಪಾಸ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮೋಡಿ ಅಕ್ಷರದಂಥ ತಮ್ಮ ಕನ್ನಡದಲ್ಲಿ ಬರೆದುಕೊಂಡರು.